ಏಳನೆಯ ಪಾತಿಗೆ ಊಟ

ಗುದ್ದಲಿಯಕ್ಕನಿಗೆ ಆ ಹೆಸರು ಬಂದದ್ದು ಹೊಲ ಅಗೆದು ಅಲ್ಲ, ಮನುಷ್ಯನೊಬ್ಬನ ಬೆರಳು ಕಡಿದು. ಅದಕ್ಕೂ ಮೊದಲು ಅವಳಿಗೆ ಬೇರೆ ಹೆಸರುಗಳಿದ್ದವು. ಕಲ್ಲು ಒಡೆಯುವವನ ಮಗಳು. ಎಂಟನೇ ವಯಸ್ಸಿಗೆ, ಜಡೆ ಎಳೆದ ಹುಡುಗನ ಎರಡು ಹಲ್ಲು ಉದುರಿಸಿ 'ಸುತ್ತಿಗೆ' ಅನ್ನಿಸಿಕೊಂಡಿದ್ದಳು. ಮಾತು ಮುಗಿಯುವ ಮೊದಲೇ ಅವಳ ಕೈ ಹೋಗುತ್ತಿತ್ತು. ತೂಕದಲ್ಲಿ ಮೋಸ ಮಾಡಿದ ತರಕಾರಿಯವನ ತಕ್ಕಡಿಯನ್ನು ಅವನ ತಲೆಯ ಮೇಲೇ ಬಡಿದು ಬಂದವಳು ಅವಳು. ಇಂಥವಳಿಗೆ ಸಿಕ್ಕ ಗಂಡ ಎಂಥವನೆಂದರೆ, ಇರುವೆ ಸಾಲು ಅಡ್ಡ ಬಂದರೆ ನಿಂತು ದಾರಿ ಬಿಡುವವನು. ಅವನ ಮೇಲೆ ಮಾತ್ರ ಆ ಕೈ ಒಮ್ಮೆಯೂ ಎದ್ದಿರಲಿಲ್ಲ.

"ನಿಮಗೆ ಹೊಡೆದ್ರೆ ನಂಗೇ ನೋವಾಗುತ್ತೆ, ಹಾಳಾದ್ದು," ಅನ್ನುತ್ತಿದ್ದಳು. ಅವನು ನಗುತ್ತಿದ್ದ.

ಅವರ ಹೊಲದ ಅಡಿಯಲ್ಲಿ ಎಣ್ಣೆ ಕಂಪನಿಯ ಕೊಳವೆ ಹಾದು ಹೋಗಿತ್ತು. ಆ ಸಾಲಿನ ಮೂವತ್ತು ಮನೆಗಳ ಹೊಲದಲ್ಲೂ ಅದೇ ಕೊಳವೆ, ಅದರ ಮೇಲೆಯೇ ಬೆಳೆ. ಹೊಲದ ಮೂಲೆಯಲ್ಲಿ ತಗಡಿನ ಕೋಣೆ, ಕೋಣೆಯಲ್ಲಿ ಕಂಪನಿಯ ಕಾವಲುಗಾರ. ಒಂದು ಸೋಮವಾರ ಗಂಡ ಮಣ್ಣು ಮೂಸಿ ನೋಡಿ, ಸೀಮೆಎಣ್ಣೆ ವಾಸನೆ ಬರುತ್ತಿದೆ, ಹುಲ್ಲು ಒಂದೇ ಗೆರೆಯಲ್ಲಿ ಹಳದಿಯಾಗಿದೆ ಎಂದು ಕಾವಲುಗಾರನಿಗೆ ಹೇಳಿದ. "ಮೇಲಿನವ್ರಿಗೆ ತಿಳಿಸ್ತೀನಿ" ಎಂದ ಅವನು. ಗಂಡ ಮಂಗಳವಾರವೂ ಹೇಳಿದ, ಬುಧವಾರವೂ ಹೇಳಿದ. ಐದು ದಿನ ಹೇಳಿದ. ಐದು ದಿನವೂ ಅದೇ ಉತ್ತರ. ಆ ಪುಣ್ಯಾತ್ಮ ಮೇಲಿನವರಿಗೂ ತಿಳಿಸಲಿಲ್ಲ, ಕೆಳಗಿನವರಿಗೂ ತಿಳಿಸಲಿಲ್ಲ.

ಶನಿವಾರ ಬೆಳಗ್ಗೆ ಹತ್ತಕ್ಕೆ ಕೊಳವೆ ಬಾಯಿ ಬಿಟ್ಟಿತು. ಕಪ್ಪು ಎಣ್ಣೆ ತೆಂಗಿನ ಮರದೆತ್ತರಕ್ಕೆ ಚಿಮ್ಮಿ ಆ ಸಾಲಿನ ಹೊಲಗಳಿಗೆಲ್ಲ ಹರಿಯಿತು. ಬಾವಿಗೆ ಹೋಗದ ಹಾಗೆ ತಡೆಯಬೇಕೆಂದು ಗಂಡ ಮೊಣಕಾಲುದ್ದ ಎಣ್ಣೆಯಲ್ಲಿ ನಿಂತು ಅಡ್ಡ ಕಾಲುವೆ ತೋಡುತ್ತಿದ್ದ. ಅವಳು ಬದುವಿನ ಈಚೆ ಮಣ್ಣು ಏರಿಸುತ್ತಿದ್ದಳು. ಆಗ ಕಂಪನಿಯ ರಿಪೇರಿ ಲಾರಿ ಬಂತು. ಯಾರೋ ಪಂಪಿನ ಇಂಜಿನ್ ಚಾಲೂ ಮಾಡಿದರು. ಒಂದು ಕಿಡಿ ಸಾಕಾಯಿತು.

ಬೆಂಕಿ ಹತ್ತಿದ ಮೇಲೆ ಅವನು ಹನ್ನೊಂದು ಹೆಜ್ಜೆ ಓಡಿದ. ಅವಳು ಎಣಿಸಲಿಲ್ಲ, ಕಣ್ಣು ತಾನೇ ಎಣಿಸಿತು. ಕೂದಲು ಮೊದಲು ಹೋಯಿತು, ಆಮೇಲೆ ಅಂಗಿ, ಆಮೇಲೆ ಅಂಗಿ ಯಾವುದು ಚರ್ಮ ಯಾವುದು ಗೊತ್ತಾಗಲಿಲ್ಲ. ಅವನು ಕೂಗಿದ್ದು ಅವಳ ಹೆಸರನ್ನೇ. ಹನ್ನೊಂದನೆಯ ಹೆಜ್ಜೆಗೆ ಬಿದ್ದ. ಅವಳನ್ನು ಹಿಡಿದುಕೊಳ್ಳಲು ನಾಲ್ಕು ಗಂಡಸರು ಬೇಕಾದರು. ಅವರಲ್ಲಿ ಇಬ್ಬರ ಪಕ್ಕೆಲುಬು ಮುರಿದವು.

ಮರುದಿನ ಅವಳು ಗುದ್ದಲಿ ಹಿಡಿದು ತಗಡಿನ ಕೋಣೆಗೆ ನಡೆದಳು. ಕಾವಲುಗಾರ ಬಲಗೈಯನ್ನು ಮೇಜಿನ ಮೇಲಿಟ್ಟುಕೊಂಡು ಹೇಳಿಕೆ ಬರೆಯುತ್ತಿದ್ದ. ಗುದ್ದಲಿ ಒಂದೇ ಸಲ ಎದ್ದು ಬಿತ್ತು. ಎರಡು ಬೆರಳು ಮೇಜಿನ ಮೇಲೆಯೇ ಉಳಿದವು, ಮೂರನೆಯದು ಜೋತಾಡುತ್ತಿತ್ತು. ರಕ್ತ ಹೇಳಿಕೆಯ ಹಾಳೆಯ ಮೇಲೆ ಹರಿದು, ಅವನು ಬರೆದ ಸುಳ್ಳನ್ನೆಲ್ಲ ಒರೆಸಿಹಾಕಿತು. ಎಂಟು ತಿಂಗಳು ಜೈಲಿನಲ್ಲಿದ್ದು ಹೊರಗೆ ಬಂದಾಗ ಅವಳು ಎಲ್ಲರಿಗೂ ಗುದ್ದಲಿಯಕ್ಕ.

ಹೊಲ ಹಾಗೇ ಬಿದ್ದಿತ್ತು, ಕಪ್ಪಗೆ, ಗಟ್ಟಿಯಾಗಿ, ಟಾರು ಹಾಕಿದ ರಸ್ತೆಯಂತೆ. ಬಾವಿಯಿಂದ ಒಂದು ಕೊಡ ಸೇದಿದರೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಮೂವತ್ತು ಮನೆಗಳವರು ಕೋರ್ಟಿಗೆ ಹೋದರು. ಕೋರ್ಟು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ, ಒಂದು ಪರೀಕ್ಷೆ ಮಾಡಿಸಿತು. ಗಿಡ ನೆಟ್ಟು, ಮಣ್ಣಿನ ಜೀವಿಗಳನ್ನು ಬೆಳೆಸಿ ಈ ಎಣ್ಣೆಯನ್ನು ತೆಗೆಯಬಹುದೇ ಎಂದು ಒಂದು ವರ್ಷ ನೋಡಬೇಕು. ಆಗುತ್ತದೆ ಎಂದಾದರೆ ಕಂಪನಿಯೇ ಮೂವತ್ತು ಮನೆಗಳ ಹೊಲವನ್ನೂ ಸರಿಮಾಡಿಸಿಕೊಡಬೇಕು. ಪರೀಕ್ಷೆಗೆ ಆರಿಸಿದ್ದು ಗುದ್ದಲಿಯಕ್ಕನ ಹೊಲ. ಕೂಲಿಗೆ ಹೊಲದವರನ್ನೇ ಹಚ್ಚಬೇಕೆಂಬ ಆದೇಶದಿಂದ ಅವಳಿಗೇ ಕೆಲಸ ಸಿಕ್ಕಿತು. ಕಾವಲಿಗೆ ಬಂದವನು ಮಾತ್ರ ಅದೇ ಮೂರು ಬೆರಳಿನ ಕಾವಲುಗಾರ. ಮೂರು ಅನ್ನುವುದೂ ಹೆಚ್ಚೇ, ಅದರಲ್ಲಿ ಒಂದು ಮಡಚುತ್ತಿರಲಿಲ್ಲ. ಕಂಪನಿಗೆ ಬೇರೆ ಆಳು ಸಿಗಲಿಲ್ಲವೋ, ಬೇಕೆಂದೇ ಹಾಕಿದರೋ, ಅಂತೂ ಹಾವು ಮುಂಗುಸಿಯನ್ನು ಒಂದೇ ಬುಟ್ಟಿಗೆ ಹಾಕಿದ್ದರು.

ಪರೀಕ್ಷೆ ನಡೆಸಲು ಬಂದವಳು ಕಡ್ಡಿಯಂಥ ಹುಡುಗಿ, ದಪ್ಪ ಕನ್ನಡಕ. ಊರವರು ಮಣ್ಣಿನ ಡಾಕ್ಟರಮ್ಮ ಅಂದರು. ಅವಳು ಮೊದಲ ದಿನ ಒಂದು ಹಿಡಿ ಕಪ್ಪು ಮಣ್ಣನ್ನು ಗುದ್ದಲಿಯಕ್ಕನ ಅಂಗೈಗೆ ಹಾಕಿದಳು.

"ಇದು ಸತ್ತಿಲ್ಲ ಅಕ್ಕ. ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣವು ಕೋಟಿಗಟ್ಟಲೆ ಇದ್ದಾವೆ. ಎಣ್ಣೆ ಅವಕ್ಕೆ ಊಟ. ಆದ್ರೆ ಬರೀ ಎಣ್ಣೆ ತಿಂದು ಬದುಕೋಕಾಗಲ್ಲ. ಗಾಳಿ ಬೇಕು, ನೀರು ಬೇಕು, ಸ್ವಲ್ಪ ಸಗಣಿ ಗೊಬ್ಬರ ಬೇಕು. ಹುಲ್ಲಿನ ಬೇರು ಬೇಕು, ಬೇರಿನ ಸುತ್ತ ಅವು ಮನೆ ಮಾಡ್ಕೊಳ್ತವೆ."

"ಅಂದ್ರೆ ಬಾಣಂತನ ಮಾಡ್ಬೇಕು ಅನ್ನಿ," ಎಂದಳು ಗುದ್ದಲಿಯಕ್ಕ.

ಅಂದಿನಿಂದ ಅವು ಅವಳಿಗೆ 'ಸಣ್ಣವರು'. ಏಳು ಪಾತಿ ಮಾಡಿದರು, ಒಂದೊಂದೂ ಹತ್ತು ಹೆಜ್ಜೆ ಉದ್ದ. ಆರಕ್ಕೆ ಬೇರೆ ಬೇರೆ ಪಥ್ಯ: ಒಂದಕ್ಕೆ ಲಾವಂಚದ ಹುಲ್ಲು, ಒಂದಕ್ಕೆ ದ್ವಿದಳದ ಗಿಡ, ಒಂದಕ್ಕೆ ಬರೀ ಗೊಬ್ಬರ ಮತ್ತು ಅಗೆತ, ಹೀಗೆ. ಹದಿನೈದು ದಿನಕ್ಕೊಮ್ಮೆ ಗಾಳಿ ಆಡಲೆಂದು ಮಣ್ಣನ್ನು ಬುಡಮೇಲು ಮಾಡಬೇಕಿತ್ತು. ಅಗೆಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಹಲ್ಲು ಕಚ್ಚಿ, ಒಂದೊಂದು ಏಟಿಗೂ ಒಂದೊಂದು ಬೈಗುಳ ಹಾಕಿ, ಎದುರಿಗೆ ಶತ್ರು ಮಲಗಿದ್ದಾನೆ ಎಂಬಂತೆ ಹೊಡೆಯುತ್ತಿದ್ದಳು. ಕಾವಲುಗಾರ ಪ್ರತಿ ಏಟಿಗೂ ತಗಡಿನ ಕೋಣೆಯೊಳಗೆ ಬೆಚ್ಚುತ್ತಿದ್ದ.

ಏಳನೆಯ ಪಾತಿಗೆ ಏನೂ ಇಲ್ಲ. ಹುಲ್ಲಿಲ್ಲ, ಗೊಬ್ಬರವಿಲ್ಲ, ಹನಿ ನೀರಿಲ್ಲ. ಸುತ್ತ ಹಗ್ಗ ಕಟ್ಟಿ ಬಿಟ್ಟರು.

"ಇದು ಹೋಲಿಕೆಗೆ ಅಕ್ಕ. ಮಿಕ್ಕಿದ್ದು ಎಷ್ಟು ಸುಧಾರಿಸ್ತು ಅಂತ ತೋರಿಸೋಕೆ ಒಂದು ಹಾಗೇ ಇರ್ಬೇಕು. ಕೊನೇ ದಿನದವರೆಗೂ ಯಾರೂ ಮುಟ್ಟಬಾರ್ದು, ನಾನೂ ಮುಟ್ಟಲ್ಲ."

ಎಣ್ಣೆ ದಟ್ಟವಾಗಿದೆ ಎಂದು ಡಾಕ್ಟರಮ್ಮ ಆರಿಸಿದ್ದ ಜಾಗ ಅದು. ಗಂಡ ಹನ್ನೊಂದನೆಯ ಹೆಜ್ಜೆಗೆ ಬಿದ್ದ ಜಾಗವೂ ಅದೇ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ, ಗುದ್ದಲಿಯಕ್ಕ ಹೇಳಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಎಂದರೆ ಗಂಡನ ತಾಯಿ, ಬೆನ್ನು ಬಾಗಿದರೂ ಬಾಯಿ ಬಾಗದ ಮುದುಕಿ. ಮಗ ಹೋದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಬೈದುಕೊಂಡು ಬದುಕಿದ್ದರು.

"ಆರು ಮಕ್ಕಳಿಗೆ ಊಟ ಹಾಕಿ ಏಳನೇದನ್ನ ಬಾಗಿಲಾಚೆ ನಿಲ್ಲಿಸೋದಾ?" ಎಂದಳು ಅತ್ತೆ. "ಅದೂ ನನ್ನ ಮಗ ಬಿದ್ದ ಮಣ್ಣನ್ನ? ಯಾವ ಓದು ಓದಿದ್ದಾಳೆ ಅವ್ಳು?"

ಮರುದಿನದಿಂದ ಗುದ್ದಲಿಯಕ್ಕನ ಊಟದ ಕ್ಯಾರಿಯರಿಗೆ ಒಂದು ಡಬ್ಬಿ ಹೆಚ್ಚಾಯಿತು. ಮೇಲಿನೆರಡರಲ್ಲಿ ಅವಳ ಊಟ, ಕೆಳಗಿನದರಲ್ಲಿ ಅತ್ತೆ ಹಿತ್ತಲಿನಲ್ಲಿ ಕಲಸಿದ ಸಗಣಿಗೊಬ್ಬರದ ನೀರು, ಅದರೊಳಗೆ ಗೊಬ್ಬರ ಬಿದ್ದ ಪಾತಿಯ ಒಂದು ಹಿಡಿ ಮಣ್ಣು. ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಹೋದಾಗ ಅವಳು ಹಗ್ಗ ದಾಟಿ, ಹಾರೆಯಿಂದ ತೂತು ಹಾಕಿ, ನೀರು ಸುರಿದು, ಮೇಲಿನ ಕಪ್ಪು ಹಕ್ಕಳೆಯನ್ನು ಮತ್ತೆ ಮುಚ್ಚಿಬಿಡುತ್ತಿದ್ದಳು. "ತಿನ್ನಿ, ಸದ್ದು ಮಾಡ್ಬೇಡಿ" ಅನ್ನುತ್ತಿದ್ದಳು. ವರ್ಷವಿಡೀ ಒಂದು ದಿನವೂ ತಪ್ಪಲಿಲ್ಲ. ಹಾರೆ ಹಾಕುವಾಗ ಮಾತ್ರ ಅವಳ ಕೈ ಮೆತ್ತಗಾಗುತ್ತಿತ್ತು. ತಾನು ಯಾವ ಹಳ್ಳ ತೋಡುತ್ತಿದ್ದೇನೆ ಎಂಬುದು ಆ ಪೆದ್ದಿಗೆ ತಿಳಿಯಲಿಲ್ಲ.

ವಿಚಾರಣೆಯ ದಿನ ಶಾಲೆಯ ಹಾಲ್ ತುಂಬಿತ್ತು. ಮುಂದೆ ಕೋರ್ಟಿನ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ದೊಡ್ಡ ಇಂಜಿನಿಯರ್. ಮೇಜಿನ ಮೇಲೆ ಏಳು ಗಾಜಿನ ಜಾಡಿಗಳಲ್ಲಿ ನೀರು. ಒಂದೊಂದು ಪಾತಿಯ ಮಣ್ಣನ್ನು ಒಂದೊಂದು ಜಾಡಿಗೆ ಹಾಕಿ ಕಲಕಿದರು. ಎಣ್ಣೆಯಿದ್ದರೆ ಮೇಲಕ್ಕೆ ಬಂದು ಪೊರೆ ಕಟ್ಟಬೇಕು. ಆರು ಜಾಡಿಗಳಲ್ಲಿ ಹೆಚ್ಚೇನೂ ಬರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಏಳನೆಯದನ್ನು ಕಲಕಿ ಬಿಟ್ಟರು. ಮಣ್ಣು ತಳಕ್ಕಿಳಿಯಿತು. ಮೇಲಿನ ನೀರು ಉಳಿದ ಆರರಷ್ಟೇ ತಿಳಿಯಾಗಿ ನಿಂತಿತು.

ಡಾಕ್ಟರಮ್ಮನ ಮುಖ ಬಿಳಿಚಿತು. ಇಂಜಿನಿಯರ್ ಎದ್ದು ನಿಂತ.

"ಏಳನೇ ಪಾತಿಗೆ ಯಾರೂ ಏನೂ ಮಾಡಿಲ್ಲ. ಕಾವಲುಗಾರ ದಿನಾ 'ಯಾರೂ ಹತ್ತಿರ ಹೋಗಿಲ್ಲ' ಅಂತ ಬರೆದು ಸಹಿ ಹಾಕಿದ್ದಾನೆ, ಪುಸ್ತಕ ಇಲ್ಲಿದೆ. ಅಂದ್ರೆ ಮಣ್ಣು ತಾನಾಗೇ ಸರಿಹೋಗುತ್ತೆ ಅಂತಾಯ್ತು. ಈ ಹುಲ್ಲು, ಗೊಬ್ಬರ, ಇದೆಲ್ಲ ಯಾಕೆ ಸ್ವಾಮಿ? ಹಾಗೇ ಬಿಟ್ಟುಬಿಡೋಣ."

ಗುದ್ದಲಿಯಕ್ಕನಿಗೆ ತಾನು ತೋಡಿದ ಹಳ್ಳ ಆಗ ಕಂಡಿತು. ತನ್ನ ಹೊಲ ಏಳು ಪಾತಿಯಷ್ಟು ಬದುಕಿತು. ಇನ್ನುಳಿದದ್ದೆಲ್ಲ, ಮೂವತ್ತು ಮನೆಯವರದ್ದೂ, ಇನ್ನು ಹೀಗೇ ಕಪ್ಪಗೆ ಬಿದ್ದಿರುತ್ತದೆ. ಬಾವಿಯೂ ಹೀಗೇ. ಅದನ್ನು ಮಾಡಿದ್ದು ಕಂಪನಿಯಲ್ಲ, ತನ್ನ ಕ್ಯಾರಿಯರಿನ ಕೆಳಗಿನ ಡಬ್ಬಿ.

ಅವಳು ಬಾಯಿ ತೆರೆಯುವಷ್ಟರಲ್ಲಿ ಹಾಲ್ ಹೊತ್ತಿಕೊಂಡಿತ್ತು. "ಡಾಕ್ಟರಮ್ಮ ಕಂಪನಿಗೆ ಮಾರಿಹೋಗಿದ್ದಾಳೆ!" ಎಂದು ಯಾರೋ ಕೂಗಿದರು. ಕುರ್ಚಿ ಹಾರಿತು, ಎರಡು ಜಾಡಿ ಒಡೆದವು. ಹಿಟ್ಟಿನ ಗಿರಣಿಯವನು ಡಾಕ್ಟರಮ್ಮನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಬಡಿದ. ಕನ್ನಡಕ ನೆಲಕ್ಕೆ ಬಿತ್ತು, ಯಾರದೋ ಕಾಲು ಅದನ್ನು ತುಳಿಯಿತು. ಹುಡುಗಿಯ ತುಟಿ ಸೀಳಿ ರಕ್ತ ಗಲ್ಲಕ್ಕಿಳಿಯಿತು. ಅವನು ಎರಡನೇ ಸಲ ಬಡಿಯುವ ಮೊದಲು ಗುದ್ದಲಿಯಕ್ಕ ಅವನ ಕೂದಲು ಹಿಡಿದು ಹಿಂದಕ್ಕೆಳೆದು, ಮುಖದ ಮೇಲೆ ಮೊಣಕೈಯಿಂದ ಗುದ್ದಿದಳು. ಮೂಗು ಮುರಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ಅವನನ್ನು ಮೇಜಿನ ಮೇಲೆ ಎಸೆದು ಅವಳು ಕೂಗಿದಳು:

"ಅವಳಲ್ಲ ಕಣ್ರೋ! ನಾನು! ಏಳನೇ ಪಾತಿಗೆ ಊಟ ಹಾಕಿದ್ದು ನಾನು!"

ಸದ್ದು ನಿಂತಿತು. ಅವಳು ಎಲ್ಲ ಹೇಳಿದಳು, ಹಾರೆ, ತೂತು, ಡಬ್ಬಿ, ಇಡೀ ವರ್ಷ. ಇಂಜಿನಿಯರ್ ನಕ್ಕ.

"ಸೋತ ಮೇಲೆ ಹೊಸ ಕತೆ. ಪುಸ್ತಕದಲ್ಲಿ ಯಾರೂ ಹೋಗಿಲ್ಲ ಅಂತಿದೆ."

ಅಧಿಕಾರಿ ಗಡಿಯಾರ ನೋಡಿದರು. "ಬರೆದವನೇ ಬಂದು ಬರೆದದ್ದು ಸುಳ್ಳು ಅಂದ್ರೆ ಕೇಳ್ತೀನಿ. ನಾಲ್ಕು ಗಂಟೆವರೆಗೂ ಇರ್ತೀನಿ."

ತಗಡಿನ ಕೋಣೆಗೆ ಅವಳು ಬಂದಾಗ ಎರಡೂವರೆ. ಕೈಯಲ್ಲಿ ಗುದ್ದಲಿಯಿತ್ತು, ಅದಿಲ್ಲದೆ ಅವಳಿಗೆ ನಡೆಯಲು ಬರುತ್ತಿರಲಿಲ್ಲ ಅನ್ನಬೇಕು. ಕಾವಲುಗಾರ ಎದ್ದು ಗೋಡೆಗೆ ಒರಗಿದ.

"ನೀನು ನೋಡಿದ್ದೆ ಅಲ್ವಾ? ನಾನು ಹಗ್ಗ ದಾಟಿದ್ದು."

"ದಿನಾ ನೋಡಿದ್ದೆ."

"ಮತ್ತೆ ಯಾಕೆ ಹಾಗೆ ಬರ್ದೆ?"

"ಎರಡನೇ ತಿಂಗಳಲ್ಲೇ ಇಂಜಿನಿಯರ್‌ಗೆ ಹೇಳ್ದೆ. 'ಮಾಡ್ಲಿ ಬಿಡು, ನಮಗೇ ಒಳ್ಳೇದು, ನೀನು ಬರೆಯೋದು ಬರಿ' ಅಂದ್ರು."

"ಬಂದು ಅದನ್ನೇ ಹೇಳು."

ಕಾವಲುಗಾರ ಬಲಗೈ ಎತ್ತಿ ಅವಳ ಮುಖದ ಹತ್ತಿರ ಹಿಡಿದ.

"ಇದನ್ನ ನೋಡಿದ್ದೀಯಾ ಯಾವತ್ತಾದ್ರೂ? ಸರಿಯಾಗಿ? ಅಂಗಿ ಗುಂಡಿ ಹಾಕ್ಕೊಳ್ಳೋಕಾಗಲ್ಲ. ನನ್ನ ಮಗಳಿಗೆ ತಾಯಿ ಇಲ್ಲ, ಜಡೆ ನಾನೇ ಹಾಕ್ತಿದ್ದೆ. ಈ ಕೈಯಲ್ಲಿ ಆಗ್ಲಿಲ್ಲ ಅಂತ ಕೂದಲು ಕತ್ತರಿಸಿಬಿಟ್ಳು. ನೀನು ಜೈಲಿಂದ ಎಂಟು ತಿಂಗಳಿಗೆ ಬಂದೆ. ನಾನು ಇದರಿಂದ ಯಾವಾಗ ಆಚೆ ಬರ್ಲಿ? ನಿನಗೋಸ್ಕರ ನಾನು ಕೆಲಸ ಕಳ್ಕೋಬೇಕಾ?"

ಅವನನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ, ಆ ಐದು ದಿನಗಳನ್ನು ಕ್ಷಮಿಸುವುದು ಅವಳಿಂದಾಗದು. ಆದರೆ ಜಡೆಯ ಮಾತು ಅವಳಿಗೆ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ ಎಂದು ಅವಳ ತಾಯಿ ಸಾವಿರ ಸಲ ಹೇಳಿದ್ದಳು. ಆ ಮಾತು ಈಗ, ಇಷ್ಟು ತಡವಾಗಿ, ಈ ತಗಡಿನ ಕೋಣೆಯಲ್ಲಿ ನಾಟಿತು. ಮೇಜು ಅದೇ ಇತ್ತು. ಹಲಗೆಯಲ್ಲಿ ಅವಳ ಗುದ್ದಲಿ ಕಚ್ಚಿದ ಗುರುತೂ ಇತ್ತು.

ಗುದ್ದಲಿಯನ್ನು ಅವನ ಕೈಗೆ ಕೊಟ್ಟು, ತನ್ನ ಬಲಗೈಯನ್ನು ಆ ಗುರುತಿನ ಮೇಲೆ ಚಾಚಿ ಇಟ್ಟಳು.

"ಹೊಡಿ."

"ತಮಾಷೆ ಮಾಡ್ತೀಯಾ?"

"ನಂಗೆ ತಮಾಷೆ ಬರಲ್ಲ. ಹೊಡಿ. ಆಮೇಲೆ ಬರೋದು ಬಿಡೋದು ನಿನ್ನಿಷ್ಟ."

ಕತೆ ಹೇಳುವವರು ಇಲ್ಲಿ ಕಾವಲುಗಾರ ಗುದ್ದಲಿ ಬಿಸಾಡಿ ಅತ್ತ ಎಂದು ಹೇಳಿಬಿಟ್ಟರೆ ಚೆನ್ನಾಗಿರುತ್ತದೆ. ಅವನು ಹೊಡೆದ. ಬಲಗೈಗೆ ಹಿಡಿತವಿಲ್ಲದೆ ಎಡಗೈಯಲ್ಲಿ ಎತ್ತಿದ. ರೂಢಿಯಿಲ್ಲದ ಕೈ, ಏಟು ಸೊಟ್ಟ ಬಿತ್ತು. ಗುದ್ದಲಿಯ ಅಂಚು ಬೆರಳಿಗೆ ಬೀಳದೆ, ಹಿಂಭಾಗ ಮುಂಗೈ ಮೇಲೆ ಬಿದ್ದು ಮೂಳೆಗಳು ಒಣ ಕಡ್ಡಿಯಂತೆ ಲಟಲಟನೆ ಮುರಿದವು. ಒಂದು ಮೂಳೆಯ ತುದಿ ಚರ್ಮ ಹರಿದು ಹೊರಬಂತು. ಅವಳು ಹಲ್ಲು ಕಚ್ಚಿದ ರಭಸಕ್ಕೆ ನಾಲಿಗೆಯೂ ಸೀಳಿ ಬಾಯಿ ತುಂಬ ರಕ್ತ. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ, ಇನ್ನೊಂದು ಏಟಿದೆಯೇನೋ ಎಂದು ಕಾದಳು.

ಕಾವಲುಗಾರ ಮೂಲೆಗೆ ಹೋಗಿ ವಾಂತಿ ಮಾಡಿದ. ಆಮೇಲೆ ತನ್ನ ಸಮವಸ್ತ್ರದ ಅಂಗಿ ಬಿಚ್ಚಿ, ಹಲ್ಲಿನಿಂದ ಹರಿದು, ಅವಳ ಕೈಗೆ ಸುತ್ತಿದ. ಒಂದೇ ಕೈಯಲ್ಲಿ ಗಂಟು ಹಾಕಲು ಬಾರದೆ ಒದ್ದಾಡಿದ. ಗಂಟಿನ ಒಂದು ತುದಿಯನ್ನು ಅವಳೇ ಎಡಗೈಯಲ್ಲಿ ಹಿಡಿದುಕೊಟ್ಟಳು. ಇಬ್ಬರಿಗೂ ಸೇರಿ ಆಗ ಇದ್ದದ್ದು ಎರಡು ನೆಟ್ಟಗಿನ ಕೈ.

"ನಡಿ," ಎಂದ. "ನಾಲ್ಕಾಗುತ್ತೆ."

ಬನಿಯನ್ನಿನಲ್ಲಿ ನಿಂತು, ರಕ್ತ ಮೆತ್ತಿದ ಎಡಗೈ ಎತ್ತಿ, ಅವನು ಅಧಿಕಾರಿಯ ಮುಂದೆ ಎಲ್ಲ ಹೇಳಿದ. ಇಂಜಿನಿಯರ್ ಅಂದ ಮಾತನ್ನೂ ಹೇಳಿದ, ಆ ಐದು ದಿನ ತಾನು ಯಾರಿಗೂ ತಿಳಿಸಲಿಲ್ಲ ಎಂಬುದನ್ನೂ ಯಾರೂ ಕೇಳದೆಯೇ ಹೇಳಿದ. ಗುದ್ದಲಿಯಕ್ಕ ಅದನ್ನು ಕೇಳಿ ತಲೆ ತಗ್ಗಿಸಿದಳು. ಇಂಜಿನಿಯರ್ ಮಾತ್ರ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಟೈ ಸರಿಮಾಡಿಕೊಂಡು ಹೊರಟುಹೋದ. ಆರು ಪಾತಿ ಹಾಗೇ ಇರಲಿ, ಹೋಲಿಕೆಗೆ ಹೊಸ ಪಾತಿ ಮಾಡಿ ಇನ್ನೊಂದು ವರ್ಷ ನೋಡಿ, ಈ ಸಲ ಕಾವಲು ಹೊಲದವರದ್ದೇ ಇರಲಿ, ಆಮೇಲೆ ತೀರ್ಪು ಎಂದರು ಅಧಿಕಾರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಡಾಕ್ಟರಮ್ಮ ಹೊಲಿದ ತುಟಿಯಲ್ಲೇ ಕೇಳಿದಳು: "ಹೊಸಾ ಪಾತಿ ಎಲ್ಲಿ ಮಾಡೋಣ ಅಕ್ಕ? ಎಣ್ಣೆ ಅಷ್ಟೇ ದಟ್ಟ ಇರ್ಬೇಕು."

ಗುದ್ದಲಿಯಕ್ಕ ಹಳೆಯ ಏಳನೆಯ ಪಾತಿಯ ನಡುವೆ ನಿಂತು, ಹಿಂದಕ್ಕೆ ಹನ್ನೊಂದು ಹೆಜ್ಜೆ ಎಣಿಸಿದಳು. ಬೆಂಕಿ ಹತ್ತಿದಾಗ ಅವನು ನಿಂತಿದ್ದ ಜಾಗ. ಈ ಸಲ ಡಾಕ್ಟರಮ್ಮನಿಗೂ ಹೇಳಿದಳು. ಸುತ್ತ ಹಗ್ಗ ಕಟ್ಟಿದರು. ಕಾವಲಿಗೆ ಕೂತವಳು ಅವಳೇ, ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು, ಗುದ್ದಲಿ ಎಡಗೈಗೆ ಬಂದಿತ್ತು. ಕಂಪನಿ ಕೆಲಸದಿಂದ ತೆಗೆದ ಕಾವಲುಗಾರನನ್ನು ಹೊಲದವರು ಪುಸ್ತಕ ಬರೆಯಲು ಇಟ್ಟುಕೊಂಡರು. ಇಬ್ಬರೂ ಮಾತಾಡುತ್ತಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅತ್ತೆ ಬಂದಳು. ಕೈಯಲ್ಲಿ ಕ್ಯಾರಿಯರಿನ ಕೆಳಗಿನ ಡಬ್ಬಿ.

"ಮನೆಗೆ ಹೋಗಿ ಅತ್ತೆ."

"ಒಂದೇ ಒಂದು ಲೋಟ ಕಣೇ. ಯಾರಿಗೆ ಗೊತ್ತಾಗುತ್ತೆ?"

"ಇದು ಹೀಗೇ ಸುಟ್ಟುಕೊಂಡು ಬಿದ್ದಿರ್ಬೇಕು. ಆಗ್ಲೇ ಮಿಕ್ಕಿದ್ದೆಲ್ಲ ಬದುಕೋದು."

"ನನ್ನ ಮಗ ಉರಿದ ಜಾಗ!"

"ನನ್ನ ಗಂಡ ಅಲ್ವಾ ಅವ್ರು?"

ಮುದುಕಿ ಕೇಳಲಿಲ್ಲ, ಹಗ್ಗದಡಿ ತೂರಿದಳು. ಗುದ್ದಲಿಯಕ್ಕ ಎಡಗೈಯಲ್ಲಿ ಗುದ್ದಲಿ ಬೀಸಿ, ಅದರ ಮರದ ಕಾವಿನಿಂದ ಡಬ್ಬಿಗೆ ಹೊಡೆದಳು. ಡಬ್ಬಿ ಹಾರಿ ದಾರಿಯ ಮೇಲೆ ಬಿತ್ತು, ಗೊಬ್ಬರದ ನೀರು ಚೆಲ್ಲಿತು. ಅತ್ತೆ ತಿರುಗಿ ಸೊಸೆಯ ಕೆನ್ನೆಗೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಮುದುಕಿಯ ಬಳೆ ಒಡೆದು ಕೆನ್ನೆ ಕುಯ್ದಿತು. ಜೀವಮಾನದಲ್ಲಿ ಎರಡನೇ ಸಲ ಗುದ್ದಲಿಯಕ್ಕ ಏಟು ತಿಂದು ಕೈ ಎತ್ತದೆ ನಿಂತಳು. ಅವಳಿಗೂ ಆ ಮಣ್ಣಿಗೆ ಒಂದು ಲೋಟ ಸುರಿಯಬೇಕೆಂದು ಕರುಳು ಕಿತ್ತು ಬರುತ್ತಿತ್ತು.

ಕಾವಲುಗಾರ ಎಡಗೈಯಲ್ಲಿ, ಒಂದನೇ ತರಗತಿಯ ಅಕ್ಷರದಲ್ಲಿ ಬರೆದುಕೊಂಡ: 'ಅತ್ತೆ ಬಂದಿದ್ದರು. ಒಳಗೆ ಬಿಡಲಿಲ್ಲ.'

ಅತ್ತೆ ದಾರಿಯಲ್ಲಿ ಕೂತು, ಚೆಲ್ಲಿದ್ದನ್ನು ಮಣ್ಣಿನ ಸಮೇತ ಎರಡೂ ಕೈಯಿಂದ ಡಬ್ಬಿಗೆ ಬಳಿದು, ಆರನೆಯ ಪಾತಿಯ ಹುಲ್ಲಿನ ಬುಡಕ್ಕೆ ಹಾಕಿದಳು. ಆಮೇಲೆ ಹಗ್ಗದ ಈಚೆ ಬಂದು ಸೊಸೆಯ ಪಕ್ಕದಲ್ಲಿ ಕೂತಳು. ಸೆರಗಿನಿಂದ ಅವಳ ಕೆನ್ನೆಯ ರಕ್ತ ಒರೆಸಿದಳು.

"ಒಂದು ವರ್ಷ ತಾನೇ?"

"ಒಂದು ವರ್ಷ."

"ಮೊದಲ್ನೇ ಬುಟ್ಟಿ ಗೊಬ್ಬರ ನಾನೇ ಹಾಕ್ತೀನಿ. ಅಲ್ಲಿವರೆಗೂ ಸಾಯಲ್ಲ."

"ನೀವೇ ಹಾಕಿ ಅತ್ತೆ," ಎಂದಳು ಗುದ್ದಲಿಯಕ್ಕ.